ಮಾಡದಲ್ಲಿ ಕೂತ ಕಾರ್ಡ್‌ಲೆಸ್

ನಮ್ಮ ಗಂಗಾವತಿಯ ಮನೆಯ ಪಡಸಾಲೆಯ ಗೋಡೆಯಲ್ಲಿ ಒಂದು ಮಾಡವಿದೆ. ಆ ಪುಟ್ಟ ಗೂಡಿನಲ್ಲಿ ಮೊದಲು ದೀಪವಿತ್ತು, ಆಮೇಲೆ ರೇಡಿಯೋ ಬಂತು, ಕೊನೆಗೆ ಅಣ್ಣ ತಂದ ಕಾರ್ಡ್‌ಲೆಸ್ ಫೋನು ಸಿಂಹಾಸನವೇರಿತು. ಬೆಲೆಯುಳ್ಳ ವಸ್ತುವೆಲ್ಲ ಅಲ್ಲಿಗೇ ಸೇರಬೇಕೆಂಬುದು ನಮ್ಮ ಮನೆಯ ಕಾನೂನು. ಹಾಗಾಗಿ ವೈಫೈ ಪೆಟ್ಟಿಗೆ ಬಂದಾಗ ಅದನ್ನೂ ಫೋನಿನ ಮಗ್ಗುಲಿಗೇ ಕೂರಿಸಿ, ಆಯುಧಪೂಜೆಯಂದು ಎರಡಕ್ಕೂ ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂ ಏರಿಸಿದೆವು. ಕೂರಿಸಿದ್ದು ದಾಯಾದಿಗಳನ್ನೆಂದು ಯಾರಿಗೆ ಗೊತ್ತಿತ್ತು?

ಫೋನು ಬಂದರೆ ಒಬ್ಬರೇ ಮಾತಾಡಿ ಇಟ್ಟುಬಿಡುವುದು ನಮ್ಮಲ್ಲಿ ಮರ್ಯಾದೆಯಲ್ಲ. ಕುಕನೂರಿನ ಬೀಗರಿರಲಿ, ಮರಳಿ ಊರಿನ ಸೋದರತ್ತೆಯಿರಲಿ, ಮನೆಯ ಪ್ರತಿಯೊಂದು ಜೀವವೂ ಸರದಿಯಂತೆ ಅವರ ಕ್ಷೇಮ ವಿಚಾರಿಸಲೇಬೇಕು. ತಂತಿಯ ಫೋನಿದ್ದಾಗ ನಿಂತ ಕಾಲು ಸೋತಾದರೂ ಮಾತು ಮುಗಿಯುತ್ತಿತ್ತು. ಈ ಕಾರ್ಡ್‌ಲೆಸ್ ಬಂದದ್ದೇ ಬಂದದ್ದು, ಅಡುಗೆಮನೆ, ಹಿತ್ತಲು, ಮಾಳಿಗೆಯನ್ನೆಲ್ಲ ಸುತ್ತತೊಡಗಿದ ಮಾತಿಗೆ ಕೊನೆಯೆಂಬುದೇ ಇಲ್ಲವಾಯಿತು.

ಅದಕ್ಕೆ ನಿನಗೇಕೆ ಸಿಟ್ಟು ಎನ್ನುತ್ತೀರಾ? ನನ್ನ ತಂಗಿ ಶಾರದೆಗೆ ಹುಟ್ಟಿನಿಂದ ಕಿವಿ ಕೇಳದು; ಅವಳ ಮಾತೆಲ್ಲ ಕೈಸನ್ನೆ. ಮದುವೆಯಾಗಿ ಕುಷ್ಟಗಿಗೆ ಹೋದ ಮೇಲೆ, ಸಂಜೆಯ ಹೊತ್ತು ಕಂಪ್ಯೂಟರಿನ ತೆರೆಯಲ್ಲಿ ಅವ್ವನೊಡನೆ ಕೈಯಾಡಿಸುವುದೇ ಅವಳ ತವರಾಗಿತ್ತು. ಸರಿಯಾಗಿ ಆಗಲೇ ಫೋನು ಬೊಬ್ಬಿಡುತ್ತಿತ್ತು, ಚಿತ್ರ ಕಲ್ಲಾಗುತ್ತಿತ್ತು. ನಾನೋ, ಇಂಟರ್ನೆಟ್ಟಿನವರಿಗೆ ಬೈದೆ, ಕರೆಂಟಿಗೆ ಬೈದೆ, ಬೀಸುವ ಗಾಳಿಗೂ ಬೈದೆ.

ಒಂದು ಸಂಜೆ ಅವಳು ಗಂಡನ ಮನೆಯ ಯಾವುದೋ ನೋವು ತೋಡಿಕೊಳ್ಳುತ್ತಿದ್ದಾಗ, ಅವ್ವ ರೆಪ್ಪೆ ಬಡಿದ ಗಳಿಗೆಯಲ್ಲೇ ಚಿತ್ರ ನಿಂತುಹೋಯಿತು. ಶಾರದೆಗೆ ಕಂಡದ್ದು ಕಣ್ಣು ಮುಚ್ಚಿ ಕೂತ ಅವ್ವ. ಚಿಕ್ಕಂದಿನಲ್ಲಿ ನಮ್ಮ ಮೇಲೆ ಮುನಿದಾಗ ಶಾರದೆ ತಾನೂ ಹಾಗೆಯೇ ಕಣ್ಣು ಮುಚ್ಚಿಬಿಡುತ್ತಿದ್ದಳು. ಕಣ್ಣಿನಿಂದಲೇ ಕೇಳುವವರಲ್ಲಿ ಅದರರ್ಥ, ನಿನ್ನ ಮಾತು ನನಗೆ ಬೇಡ ಎಂದು. ಅವತ್ತಿನಿಂದ ಅವಳು ತೆರೆಗೆ ಬರುವುದನ್ನೇ ಬಿಟ್ಟಳು.

ಇದನ್ನೆಲ್ಲ ನಮಗೆ ಹೇಳಿದವನು ಅವಳ ಗಂಡ, ಅದೇ ಕಾರ್ಡ್‌ಲೆಸ್ಸಿಗೆ ಫೋನು ಮಾಡಿ. ಅವನೊಡನೆ ಅಣ್ಣ ಮಾತಾಡುತ್ತಿದ್ದಷ್ಟು ಹೊತ್ತೂ ನನ್ನೆದುರಿನ ಕಂಪ್ಯೂಟರು ಹೆಣವಾಗಿದ್ದು, ಫೋನಿಟ್ಟೊಡನೆ ಎದ್ದು ಕೂತಿತು. ಆಗ ಹೊಳೆಯಿತು ನನಗೆ. ವಿಚಾರಿಸಿದರೆ ನಿಜವೇ: ಕಾರ್ಡ್‌ಲೆಸ್ಸು, ವೈಫೈ ಎರಡೂ ಒಂದೇ ರೇಡಿಯೋ ಅಲೆಯ ಮೇಲೆ ಓಡುವವು, ಒಂದು ಬಾಯಿ ತೆರೆದರೆ ಇನ್ನೊಂದು ತೆಪ್ಪಗಾಗಬೇಕು. ಬಾಯಿದ್ದವರ ಹರಟೆಗಾಗಿ ಬಾಯಿಲ್ಲದವಳ ಕೈಗಳನ್ನು ಕಟ್ಟಿಹಾಕಿದ್ದೆವಲ್ಲ! ನನಗೆ ಮೈಯೆಲ್ಲ ಉರಿದುಹೋಯಿತು.

ಅಣ್ಣನಿಗೆ ಮಾತ್ರ ತನ್ನ ಫೋನಿನದೇ ಚಿಂತೆ. “ಈಗ ಮತ್ತ ಗ್ವಾಡಿಗೆ ಆತು ನಿಂತು ಮಾತಾಡಬೇಕೇನು?” ಎಂದ.

ಅವ್ವ ಎದ್ದು ತಾನೇ ಕಾರ್ಡ್‌ಲೆಸ್ಸಿನ ಪ್ಲಗ್ ಕಿತ್ತಳು. “ನಿನಗ ಬಾಯಿ ಐತಿ, ಎಲ್ಲಿ ನಿಂತರೂ ಮಾತಾಡ್ತಿ. ನನ್ನ ಮಗಳಿಗೆ ಇದೊಂದ ಐತಿ,” ಎಂದು ಕಂಪ್ಯೂಟರಿನತ್ತ ಕೈಮಾಡಿದಳು. ಮರುದಿನ ಮೊದಲ ಬಸ್ಸಿಗೇ ಕುಷ್ಟಗಿಗೆ ಹೋಗಿ, ಮಗಳೆದುರು ಕೂತು, ಅವಳ ಕೈಗಳು ದಣಿಯುವವರೆಗೂ ನೋಡಿ ಬಂದಳು.

ಈಗ ಮಾಡದಲ್ಲಿ, ಒಣಗಿದ ಕುಂಕುಮದ ಕಲೆಯ ಮೇಲೆ, ಹಳೆಯ ತಂತಿಯ ಫೋನು ಕೂತಿದೆ. ಅಣ್ಣ ಕಾಲು ಬದಲಿಸುತ್ತ, ಗೊಣಗುತ್ತ ಮಾತಾಡುತ್ತಾನೆ. ನನಗೆ ಅಯ್ಯೋ ಎನಿಸುವುದಿಲ್ಲ. ಚಿತ್ರ ಈಗ ನಿಲ್ಲುವುದಿಲ್ಲ. ಆದರೂ ಅವ್ವ ತೆರೆಯ ಮುಂದೆ ಕೂತರೆ ರೆಪ್ಪೆ ಬಡಿಯಲೊಲ್ಲಳು. ನೀರು ಬರುವವರೆಗೂ ಕಣ್ಣು ತೆರೆದೇ ಇರುತ್ತಾಳೆ. ಆ ಕಡೆಯಿಂದ ಶಾರದೆ ನಕ್ಕು, ತನ್ನ ರೆಪ್ಪೆಗಳನ್ನು ಪಟಪಟ ಬಡಿದು ತೋರಿಸುತ್ತಾಳೆ. ಅವ್ವ ಒಲ್ಲೆನೆಂದು ತಲೆಯಾಡಿಸುತ್ತಾಳೆ.