ಲಾರಿಯ ಹಣೆಯ ಮೇಲಿನ ದೇವರು

ನಮ್ಮ ಸೋದರಮಾವನಿಗೆ ಎಲೆಯ ಮುಂದೆ ಕೂತರೆ ಬಾಯಿ ಸುಮ್ಮನಿರುವುದಿಲ್ಲ. ಅಪ್ಪನ ವರ್ಷದ ತಿಥಿಯ ದಿನವೂ ಅಷ್ಟೇ. ವಡೆ ಮುರಿಯುತ್ತ, “ಲಾರಿ ಓನರ್ ಅಂತ ನಮ್ಮಕ್ಕನ್ನ ಕೊಟ್ವಿ. ಆಮೇಲ್ ನೋಡಿದ್ರೆ ಭಾವ ಡ್ರೈವರ್ರು, ದೊಡ್ಡ ಸುಳ್ಳ,” ಎಂದು ನಕ್ಕರು. ಪಂಕ್ತಿಯೂ ನಕ್ಕಿತು. ನನಗೆ ಮೈ ಉರಿದುಹೋಯಿತು. ಸತ್ತವರ ಎಡೆ ಇನ್ನೂ ಎತ್ತಿರಲಿಲ್ಲ.

ನನಗೆ ಬುದ್ಧಿ ಬರುವ ಹೊತ್ತಿಗೆ ಅಪ್ಪ ಯಾರ್ಯಾರದೋ ಗಾಡಿ ಓಡಿಸುತ್ತಿದ್ದರು. “ಮೊದ್ಲು ನನ್ ಲಾರಿ ಇತ್ತು,” ಎಂದು ಮಾತ್ರ ಬಿಡದೆ ಹೇಳುವರು. ಎಲ್ಲಿತ್ತು, ಏನಾಯಿತು ಎಂದರೆ ಚಪ್ಪಲಿ ಮೆಟ್ಟಿಕೊಂಡು ಆಚೆ ಹೋಗುವರು. ಆ ಸಂಜೆ ನೆಂಟರೆಲ್ಲ ಹೋದ ಮೇಲೆ ಅಮ್ಮ ಪಾತ್ರೆ ಬೋರಲು ಹಾಕುತ್ತ, “ಅವ್ರು ನನ್ ಹತ್ರ ಸುಳ್ಳು ಹೇಳಿ ಮದ್ವೆ ಆದ್ರೋ ಇಲ್ವೋ, ಅಷ್ಟು ಗೊತ್ತಾದ್ರೆ ಸಾಕು ಕಣೋ,” ಎಂದಳು. ಇಷ್ಟು ವರ್ಷ ಆ ಮುಳ್ಳು ನುಂಗಿಕೊಂಡೇ ಸಂಸಾರ ಮಾಡಿದ್ದಾಳೆ ಎಂದು ನನಗೆ ಅವತ್ತೇ ಗೊತ್ತಾಗಿದ್ದು.

ನನ್ನದು ವೈರಿಂಗ್ ಕೆಲಸ, ವಿಜಯನಗರದಲ್ಲಿ ಮನೆ. ಇದಾದ ಕೆಲವು ವಾರಕ್ಕೆ ಹೆಗ್ಗನಹಳ್ಳಿಯ ಒಂದು ಖಾಲಿ ಸೈಟಿಗೆ ಹೋಗಿದ್ದೆ. ಪಿಜಿ ಕಟ್ಟಲು ಹೊರಟವರಿಗೆ ತಾತ್ಕಾಲಿಕ ಕರೆಂಟು ಬೇಕಿತ್ತು. ಮೂಲೆಯಲ್ಲಿ ಒಂದು ಹಳೇ ಲಾರಿ ಬಿದ್ದಿತ್ತು. ಟೈರಿಲ್ಲ, ನಂಬರ್ ಪ್ಲೇಟಿಲ್ಲ, ಸ್ಟೇರಿಂಗ್ ತನಕ ಬಳ್ಳಿ ಹಬ್ಬಿತ್ತು. ನೆರಳಿದೆಯಲ್ಲ ಎಂದು ಅದರ ಮಗ್ಗುಲಲ್ಲಿ ಬುತ್ತಿ ಬಿಚ್ಚಿದೆ. ಮುಂದಿನ ಗಾಜಿನ ಮೇಲಿನ ಪಟ್ಟಿ ಇದೆಯಲ್ಲ, ಲಾರಿಯವರು ಅದಕ್ಕೆ ಹಣೆ ಅನ್ನುತ್ತಾರೆ. ಅಲ್ಲಿ ಧೂಳಿನ ಕೆಳಗೆ ಅಕ್ಷರ ಕಂಡವು. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ‘ಶ್ರೀ ಹಟ್ಟಿಲಕ್ಕಮ್ಮ ಪ್ರಸನ್ನ.’

ನಮ್ಮಪ್ಪನ ಮನೆದೇವರು! ನಮ್ಮೂರಿನ ಸುತ್ತ ಬಿಟ್ಟರೆ ಆ ತಾಯಿಯ ಹೆಸರು ಕೇಳಿದವರೇ ಕಡಿಮೆ.

ಲಾರಿ ಕೈ ಬದಲಾದರೆ ಪಕ್ಕದ ಹಲಗೆಯ ಮೇಲಿನ ಅಂಗಡಿ ಹೆಸರನ್ನು ಬಳಿದು ಹಾಕುತ್ತಾರೆ. ಹಣೆಯ ಮೇಲಿನ ದೇವರನ್ನು ಮಾತ್ರ ಯಾರೂ ಅಳಿಸುವುದಿಲ್ಲ. ದೇವರ ಹೆಸರು ಕೆರೆದು ರೋಡಿಗೆ ಇಳಿಯುವ ಧೈರ್ಯ ಯಾರಿಗಿದೆ? ಹೊಸಬ ತನ್ನ ದೇವರನ್ನು ಪಕ್ಕದಲ್ಲಿ ಬರೆಸಿಕೊಳ್ಳುತ್ತಾನೆ. ಇಲ್ಲೂ ನಮ್ಮ ಲಕ್ಕಮ್ಮನ ಎಡಕ್ಕೆ 786 ಇತ್ತು, ಬಲಕ್ಕೆ ಮೈಲಾರಲಿಂಗ ಇದ್ದ. ಒಂದೊಂದು ದೇವರಿಗೆ ಒಬ್ಬೊಬ್ಬ ಓನರ್. ಹಿಂದಕ್ಕೆ ಹುಡುಕಿಕೊಂಡು ಹೋಗುವುದೇ ಸರಿ, ಬಿಡಬಾರದು ಎಂದು ಊಟದ ಡಬ್ಬಿ ಮುಚ್ಚಿದೆ.

ಮೈಲಾರಲಿಂಗನನ್ನು ಬರೆಸಿದವರು ಸುಲಭವಾಗಿ ಸಿಕ್ಕರು. ಹಾವೇರಿ ಕಡೆಯವರು, ಅದೇ ಸೈಟನ್ನು ಬಾಡಿಗೆಗೆ ಹಿಡಿದು ಸಿಮೆಂಟ್ ಇಟ್ಟಿಗೆ ಹಾಕುತ್ತಿದ್ದರಂತೆ. ವ್ಯಾಪಾರ ಬಿದ್ದುಹೋದಾಗ ಲಾರಿಯನ್ನು ಅಲ್ಲೇ ಬಿಟ್ಟು ಊರಿಗೆ ಹೋಗಿದ್ದರು. ಸೈಟಿನವರು ನಂಬರ್ ಕೊಟ್ಟರು, ಫೋನ್ ಮಾಡಿದೆ. ತಮಗೆ ಲಾರಿ ಮಾರಿದವರೆಂದು ಅವರು ಬಾಪೂಜಿನಗರದ ಶಾಮಿಯಾನದ ಅಂಗಡಿ ಭಾಯಿಯ ಹೆಸರು ಹೇಳಿದರು.

ಭಾಯಿ ಕುರ್ಚಿ ಹಾಕಿ ಟೀ ಕೊಟ್ಟರು. “ನಾವ್ ತಗೊಂಡಾಗ ಗಾಡಿ ತುಂಬ ಊದಿನಕಡ್ಡಿ ವಾಸ್ನೆ ಸಾರ್. ಮದ್ವೆಗೆ ಕಾರ್ಪೆಟ್ ಹಾಸಿದ್ರೆ, ಯಾವ್ ಸೆಂಟು ಹೊಡ್ಸಿದೀರಾ ಅಂತ ಕೇಳೋರು.”

“ಆ ಅಮ್ಮನ ಹೆಸ್ರು ಆಗ್ಲೇ ಇತ್ತಾ ಭಾಯ್?”

“ಅದೊಂದೇ ಇದ್ದಿದ್ದು. ಬಂದೋಳಲ್ಲ, ಮೊದ್ಲಿಂದ ಇರೋಳು, ಮುಟ್ಬೇಡ ಅಂದ್ರು ನಮ್ ಅಬ್ಬಾ.”

ಇನ್ನೇನು ಬೇಕು? ಅಲ್ಲಿ ಮೊದಲಿಂದ ಇದ್ದದ್ದು ನಮ್ಮ ದೇವರೊಂದೇ ಎಂದ ಮೇಲೆ ಮೊದಲ ಓನರ್ ನಮ್ಮಪ್ಪನೇ. ರಸ್ತೆಯಿಂದಲೇ ಅಮ್ಮನಿಗೆ ಫೋನ್ ಮಾಡಿ, “ಲಾರಿ ಅಪ್ಪಂದೇ ಕಣಮ್ಮ,” ಎಂದುಬಿಟ್ಟೆ. ಅವಳು ಉಸಿರೆಳೆದುಕೊಂಡದ್ದು ಕೇಳಿಸಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ನಮ್ಮ ವಂಶದ ರೋಗ.

ಭಾಯಿಗೆ ಲಾರಿ ಮಾರಿದ್ದು ಮಹಾಲಕ್ಷ್ಮಿ ಲೇಔಟಿನ ಒಂದು ಊದಿನಕಡ್ಡಿ ಕಾರ್ಖಾನೆಯ ಮನೆಯವರು. ಕಾರ್ಖಾನೆ ಈಗಿಲ್ಲ. ಯಜಮಾನರ ಹೆಂಡತಿ, ತುಂಬ ವಯಸ್ಸಾದವರು, ಜಗಲಿಯ ಮೇಲೆ ಹೂ ಕಟ್ಟುತ್ತ ಕೂತಿದ್ದರು. ನಾನು ಇಂಥವರ ಮಗ ಎಂದೆ. ಹೂವು, ದಾರ ಕೆಳಗಿಟ್ಟರು.

“ಲಾರಿ ನೀವು ನಮ್ಮಪ್ಪನ ಹತ್ರ ಕೊಂಡ್ಕೊಂಡಿದ್ದಾ?” ಎಂದು ಕೇಳಿದೆ.

“ಇಲ್ಲಪ್ಪ. ಹೊಸಾ ಗಾಡಿ, ನಮ್ ಯಜಮಾನ್ರೇ ತಂದಿದ್ದು. ನಿಮ್ಮಪ್ಪ ಓಡಿಸ್ತಿದ್ದ.”

ಮಾವ ಹೇಳಿದ್ದೇ ನಿಜವಾಯಿತಲ್ಲ. ಎದ್ದು ಬಂದುಬಿಡೋಣ ಎನ್ನಿಸಿತು. ಆದರೂ ಕೇಳಿದೆ, “ಮತ್ತೆ ಹಣೆ ಮೇಲೆ ನಮ್ಮ ದೇವ್ರು ಯಾಕಮ್ಮ?”

“ನಮ್ದು ತಿಮ್ಮಪ್ಪನ ಒಕ್ಕಲು. ತಿಮ್ಮಪ್ಪ ಅಂತ ಬರೆಸೋಕೆ ಪೇಂಟರ್ ಬಂದು ಕೂತಿದ್ದ. ನಮ್ ಯಜಮಾನ್ರು, ಘಾಟಿ ಹತ್ತೋನು ಅವನು, ಅವನ ದೇವ್ರು ಮುಂದಿರ್ಲಿ ಅಂದ್ರು. ನಮ್ಮತ್ತೆ ಎಷ್ಟು ಜಗಳ ಆಡಿದ್ರು ಗೊತ್ತಾ? ಜಗ್ಗಲಿಲ್ಲ. ಆ ಲಾರೀನ ನಾವೂ ‘ಅವನ್ ಲಾರಿ’ ಅಂತಲೇ ಅಂತಿದ್ವಿ. ಮಾರಿದ ದಿನ ಊಟ ಮಾಡ್ದೆ ಹೋದ ನಿಮ್ಮಪ್ಪ, ಮತ್ತೆ ಈ ಕಡೆ ಬರಲೇ ಇಲ್ಲ.”

ಬಸ್ಸಿನಲ್ಲಿ ಬರುತ್ತ ಲೆಕ್ಕ ಹಾಕಿದೆ, ಸುಮ್ಮನಿದ್ದುಬಿಡಬಹುದು. ಓನರ್ ಎಂದು ಅಮ್ಮನಿಗೆ ಆಗಲೇ ಹೇಳಿದ್ದೇನೆ, ಖುಷಿಯಾಗಿದ್ದಾಳೆ. ಆದರೆ ಅವಳು ಕೇಳಿದ್ದು ಖುಷಿಯನ್ನಲ್ಲ, ನಿಜವನ್ನು. ಮನೆಗೆ ಬಂದವನೇ ಒಂದೂ ಬಿಡದೆ ಹೇಳಿದೆ.

ಅಮ್ಮ ಸೊಪ್ಪು ಬಿಡಿಸುತ್ತಿದ್ದಳು, ಬಿಡಿಸುತ್ತಲೇ ಇದ್ದಳು. ಆಮೇಲೆ, “ಹೆಣ್ಣು ನೋಡೋಕೆ ಆ ಲಾರೀಲೇ ಬಂದಿದ್ರು. ನಾನ್ ಕಿಟಕೀಲಿ ನೋಡ್ದೆ. ಹಣೆ ಮೇಲೆ ಅವ್ರ ಮನೆದೇವ್ರು. ಓನರ್ರೇ ಇರ್ಬೇಕು ಅಂತ ಒಳಗೆ ಹೋಗಿ ಎಲ್ರಿಗೂ ಹೇಳಿದೋಳು ನಾನೇ ಕಣೋ. ಲಾರಿ ನಿಮ್ದಾ ಅಂತ ಅವ್ರನ್ನ ಯಾರೂ ಕೇಳಲೇ ಇಲ್ಲ. ನಮ್ಮನ್ನ ನಂಬ್ಸೋಕೆ ಅಂತ ಅವ್ರೇ ಬರೆಸಿದ್ದೇನೋ ಅಂತ ಇಷ್ಟು ವರ್ಷ ಅನುಮಾನ ಇತ್ತು,” ಎಂದಳು.

ಮಾವನಿಗೆ ಫೋನ್ ಮಾಡಿಕೊಡು ಎಂದಳು, ಮಾಡಿಕೊಟ್ಟೆ. “ನಮ್ಮನೆಯವ್ರು ಡ್ರೈವರ್ರೇ ಕಣೋ. ಇನ್ಮೇಲೂ ಹಂಗೇ ಕರಿ, ನಂಗೇನೂ ಬೇಜಾರಿಲ್ಲ. ಸುಳ್ಳ ಅಂತ ಮಾತ್ರ ಇನ್ನೊಂದ್ಸಲ ಅಂದ್ರೆ ನಮ್ಮನೆ ಹೊಸ್ಲು ತುಳೀಬೇಡ.”

ಫೋನ್ ನನ್ನ ಕೈಗೆ ಕೊಟ್ಟು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅಪ್ಪ ಸತ್ತ ದಿನ ಅಮ್ಮ ಅತ್ತಿರಲಿಲ್ಲ.