ಗಿಟಾರಿನ ಕೊರಳಿಗೆ ಎಣ್ಣೆ

ಒಣಗಿದ ಮರ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮಣೆ, ಲಟ್ಟಣಿಗೆ, ದೇವರ ಮಂಟಪ, ಬಾಗಿಲ ದಾರಂದ, ಎಲ್ಲಕ್ಕೂ ಒಂದಿಷ್ಟು ತೆಂಗಿನೆಣ್ಣೆ ಒರೆಸಿದರೇ ಸಮಾಧಾನ. ದೇವರು ಹಿತ್ತಲಲ್ಲಿ ನಾಲ್ಕು ತೆಂಗು ಕೊಟ್ಟಿದ್ದಾನೆ, ಎಣ್ಣೆಗೆ ಬರವಿಲ್ಲ.

ಮಗಳು ಸುಮಳ ಹತ್ತಿರ ನನ್ನ ಮೈದುನ ಮುಂಬೈಯಿಂದ ತಂದುಕೊಟ್ಟ ಹಳೇ ಗಿಟಾರಿದೆ. ಅದರ ಕೊರಳ ಮೇಲೆ ಅಡ್ಡಡ್ಡ ಕೂತ ಲೋಹದ ಪಟ್ಟಿಗಳು, ಅಂದರೆ ಫ್ರೆಟ್‌ಗಳು, ಸವೆದು ತಂತಿ ಕಿರುಗುಡುತ್ತಿತ್ತು. ಉಪ್ಪುಂದದ ನಮ್ಮ ಭಜನಾ ಮಂದಿರದಲ್ಲಿ ಶನಿವಾರ ಒಂದೇ ಒಂದು ಭಜನೆಗೆ ಅವಳು ನುಡಿಸಲಿ ಎಂದು ಹಿರಿಯರು ಒಪ್ಪಿದ್ದೇ ಕಷ್ಟದಲ್ಲಿ. ಹಾರ್ಮೋನಿಯಂ ನುಡಿಸುವ ಮಂಜಣ್ಣ ಮೊದಲೇ ಹೇಳಿದ್ದರು: "ತಂತಿ ಕಿರ್ ಅಂದ್ರೆ ಮತ್ತೆ ಈ ಸಾಮಾನ್ ಒಳ್ಗ್ ಬಪ್ಕಾಗ." ಅಂದರೆ ಗಿಟಾರು ಮತ್ತೆ ಮಂದಿರದೊಳಗೆ ಬರಕೂಡದು.

ಸುಮ ಮೊಬೈಲ್ ನೋಡಿಕೊಂಡು ಹಳೇ ಫ್ರೆಟ್‌ಗಳನ್ನು ಇಕ್ಕಳದಲ್ಲಿ ಕಿತ್ತಳು. ಹೊಸವನ್ನು ಸೀಳಿನಲ್ಲಿಟ್ಟು, ಅಂಟು ಹಾಕಿ, ಸುತ್ತಿಗೆಯಲ್ಲಿ ಬಡಿಯಬೇಕು. ಗುರುವಾರ ಅವಳು ಕಾಲೇಜಿಗೆ ಹೋದ ಮೇಲೆ ನಾನು ಹತ್ತು ಸಲ ಒಳಗೆ ಹೊರಗೆ ತಿರುಗಿದೆ. ಆ ಬೋಳು ಕೊರಳು ನೋಡಲಾಗಲಿಲ್ಲ. ಎಣ್ಣೆ ಹಚ್ಚಿಬಿಟ್ಟೆ.

ಶುಕ್ರವಾರ ಎಷ್ಟು ಬಡಿದರೂ ಮೂರು ಫ್ರೆಟ್‌ಗಳ ತುದಿ ಮತ್ತೆ ಮತ್ತೆ ಏಳುತ್ತಿತ್ತು.

"ಅಮ್ಮ, ಎಣ್ಣಿ ಹಚ್ಚಿದ್ಯಾ? ಅಂಟ್ ಹಿಡಿತಿಲ್ಲೆ."

"ಮರ ಅಲ್ದಾ ಮಗಾ," ಎಂದೆ.

ವೀಣೆಯಲ್ಲಿ ಫ್ರೆಟ್‌ನಂತಿರುವ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುತ್ತಾರಂತೆ. ತಪ್ಪಿದರೆ ಮೇಣ ಕರಗಿಸಿ ಮತ್ತೆ ಕೂರಿಸಬಹುದು. ಗಿಟಾರು ಅಷ್ಟು ಕರುಣೆಯದ್ದಲ್ಲ. ಸುಮ ಸ್ಪಿರಿಟ್ ಹಾಕಿ ಸೀಳುಗಳನ್ನು ಒರೆಸಿ ಹೊಸ ಅಂಟು ಬಿಟ್ಟಳು. ಇನ್ನು ಹಿಡಿಯುವ ತನಕ ಯಾರಾದರೂ ಅಲುಗಾಡದೆ ಒತ್ತಿಕೊಂಡಿರಬೇಕಂತೆ. ತಪ್ಪು ಮಾಡಿದವಳು ನಾನು, ನಾನೇ ಕೂತೆ. ಹೊತ್ತಿನ ಅಳತೆಗೆ ಒಂದೊಂದು ಫ್ರೆಟ್‌ಗೆ ಒಂದೊಂದು ಮಾಲೆ ದೇವರ ಹೆಸರು ಜಪಿಸಿದೆ. ನನ್ನ ಎರಡೂ ಹೆಬ್ಬೆರಳು ಕೆಲಸದಲ್ಲಿದ್ದುದರಿಂದ ಜಪಮಣಿ ಎಣಿಸಿದವಳು ಸುಮ. ಪುಣ್ಯ ಅರ್ಧರ್ಧ ಎಂದು ನಕ್ಕಳು. ಅವಳು ನಕ್ಕಳಲ್ಲ, ನನಗೆ ಅಷ್ಟೇ ಸಾಕಾಗಿತ್ತು.

ಶನಿವಾರ ಮಂದಿರದಲ್ಲಿ ಎಲ್ಲರೂ ಕಣ್ಣು ಮುಚ್ಚಿ ಹಾಡುತ್ತಿದ್ದರು. ನನ್ನ ಕಣ್ಣು ಮಾತ್ರ ಆ ಮೂರು ಫ್ರೆಟ್‌ಗಳ ಮೇಲೆ. ಮಗಳ ಬೆರಳು ಅತ್ತ ಸರಿದಾಗಲೆಲ್ಲ ಉಸಿರು ಹಿಡಿದೆ. ತಂತಿ ಕಿರುಗುಡಲಿಲ್ಲ. ಮಂಜಣ್ಣ ತಲೆ ಎತ್ತದೆ, "ಇನ್ನೊಂದ್ ಭಜ್ನಿ ಹೇಳುವ," ಎಂದು ಹಾರ್ಮೋನಿಯಂ ಒತ್ತಿದರು.

ಮಂಗಳಾರತಿಯ ಹೊತ್ತಿಗೆ ನೆನಪಾಯಿತು, ಅಷ್ಟು ಹೊತ್ತೂ ನಾನು ದೇವರ ಕಡೆ ನೋಡಿಯೇ ಇರಲಿಲ್ಲ. ಅವನೇನೂ ಬೇಜಾರು ಮಾಡಿಕೊಂಡಿರಲಿಕ್ಕಿಲ್ಲ. ಅವನೂ ಅತ್ತಲೇ ಕಿವಿಗೊಟ್ಟು ಕೂತಿದ್ದಿರಬೇಕು.