ನೆಲವಿಲ್ಲದ ಮನೆ ಬರೆದ ಸಂಘಮಿತ್ರಾ

ವಿಜಯಪುರದ ಅಥಣಿ ರಸ್ತೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಹೊತ್ತು ಮೂಡುವ ಮೊದಲೇ ಬಣ್ಣ ಕಲಸುವ ಸದ್ದು. ನೆಲಕ್ಕೆ ಹಾಸಿದ ದೊಡ್ಡ ಬಟ್ಟೆಯ ನಡುವೆ ಕುಕ್ಕರಗಾಲಲ್ಲಿ ಕೂತ ಸಂಘಮಿತ್ರಾ ಅರಮನೆಯ ಕಂಬಕ್ಕೆ ಹಳದಿ ಬಳಿಯುತ್ತಿದ್ದಾರೆ. ಬಿಸಿಲೇರಿದರೆ ತಗಡು ಕಾಯುತ್ತದೆ, ಬಣ್ಣ ಕುಂಚದಲ್ಲೇ ಒಣಗುತ್ತದೆ. "ಚಾ ಆಮ್ಯಾಲ ಕುಡಿಯೋಣ್ರಿ, ಇದೊಂದು ಕಂಬ ಮುಗಸ್ತೇನಿ," ಎಂದು ನನ್ನನ್ನೂ ಅಲ್ಲೇ ಕೂರಿಸುತ್ತಾರೆ.

ಹಳ್ಳಿ ನಾಟಕಗಳಿಗೆ ಪರದೆ ಬರೆಯುವುದು ಇವರ ಕೆಲಸ. ಕಲಿಸಿದವರು ತಂದೆ ಭಾಗಪ್ಪ. ಬರೆದ ಪರದೆಗಳನ್ನು ಬಾಡಿಗೆಗೆ ಕೊಡುವವರು ಗಾಂಧಿ ಚೌಕದ ಬಾಬುಸಾಬ. ಪರದೆಯ ನೆತ್ತಿಯ ಮೇಲೆ ಅಂಗಡಿಯ ಹೆಸರು ರಾರಾಜಿಸುತ್ತದೆ, ಬರೆದವರ ಹೆಸರು ಹುಡುಕಿದರೂ ಸಿಗದು. ಅರಮನೆ, ಕಾಡು, ಬೀದಿ, ಬಡವರ ಮನೆ, ಎಂಥ ನಾಟಕವಾದರೂ ಇಷ್ಟರಲ್ಲೇ ಮುಗಿಯಬೇಕು. ಯಾರೇ ಸಾಯಲಿ, ಬಡವರ ಮನೆಯ ಮುಂದೆಯೇ ಸಾಯಬೇಕು!

"ಅದನ್ನ ಬರದ ಬರದ ಕೈಗೇ ಬ್ಯಾಸರ ಬಂದಿತ್ರಿ," ಎನ್ನುತ್ತಾರೆ ಸಂಘಮಿತ್ರಾ.

ಹೋದ ವರ್ಷ ನಗರದಲ್ಲಿ ನಡೆದ ಚಿತ್ರಪ್ರದರ್ಶನವೊಂದರಲ್ಲಿ ಒಂದು ಚಿತ್ರದ ಮುಂದೆ ನಿಂತ ಸಂಘಮಿತ್ರಾ ಅಲ್ಲಿಂದ ಕಾಲು ಕೀಳಲಿಲ್ಲ. ಕನಸಿನಲ್ಲಿ ಕಂಡಂಥ ಚಿತ್ರ. ಆಕಾಶದಲ್ಲಿ ತೇಲುವ ಮನೆ, ಒಳಗೆ ಉರಿಯುವ ದೀಪ, ಕೆಳಗೆಲ್ಲೂ ನೆಲವಿಲ್ಲ. "ಅಪ್ಪ ತೀರಿಕೊಂಡ ದಿನ ನಮ್ಮನಿ ಹಂಗ ಇತ್ರಿ. ಸಾಮಾನೆಲ್ಲಾ ಇದ್ದಲ್ಲೇ ಇದ್ದುವು, ಕಾಲಿಡಾಕ ನೆಲಾನ ಇದ್ದಿಲ್ಲ."

ಅದೇ ಹೊತ್ತಿಗೆ ತಿಕೋಟಾದ ಕಲಾವಿದರು ಒಂದು ದುರಂತ ನಾಟಕ ಎತ್ತಿಕೊಂಡಿದ್ದರು. ತನ್ನಿಚ್ಛೆಯಂತೆ ಮದುವೆಯಾಗಿ, ಸೋತು ಮರಳಿದ ಮಗಳಿಗೆ ತಾಯಿ ಬಾಗಿಲು ತೆರೆಯುವುದಿಲ್ಲ; ಮಗಳು ಹೊಸ್ತಿಲಲ್ಲೇ ಪ್ರಾಣ ಬಿಡುತ್ತಾಳೆ. ಆ ಸಾವಿಗೆಂದೇ ಸಂಘಮಿತ್ರಾ ಹೊಸ ಪರದೆ ಬರೆದರು. ಪರದೆಯ ತುಂಬ ನೀಲಿ ಆಕಾಶ, ಎತ್ತರದಲ್ಲಿ ದೀಪ ಉರಿಯುವ ಮನೆ, ಮುಚ್ಚಿದ ಬಾಗಿಲು, ಅರ್ಧಕ್ಕೇ ಮುಗಿದುಹೋದ ಮೆಟ್ಟಿಲು.

ಬಾಬುಸಾಬ ಹಣೆ ಬಡಿದುಕೊಂಡರು. "ಏನ ಬೇ ಇದು, ಮನಿ ಹಾರಾಕತ್ತೈತಿ! ಮಂದಿ ನಕ್ರ ಇದರ ಮ್ಯಾಲ ಸುಣ್ಣಾ ಬಳಿಸ್ತೇನಿ ನೋಡು. ಆಮ್ಯಾಲ ಅರಮನಿ, ಕಾಡು ಬಿಟ್ಟು ನಿನ್ನ ಮನಸ್ಸಿನ ಒಂದ್ ಗೆರಿ ಎಳಿಯಾಂಗಿಲ್ಲ."

ಈ ಮಾತಿಗೆ ಒಪ್ಪಿಯೇ ಸಂಘಮಿತ್ರಾ ಪರದೆಯೊಂದಿಗೆ ತಿಕೋಟಾಕ್ಕೆ ಹೋದರು. ಜನ ನಕ್ಕರೆ ಇಳಿಸಲಿಕ್ಕೆ ಬಡವರ ಮನೆಯ ಹಳೆಯ ಪರದೆಯನ್ನೂ ಮೇಲೆ ಸುತ್ತಿ ಕಟ್ಟಿದ್ದಾಯಿತು. ಅದರ ಹಗ್ಗ ಸಂಘಮಿತ್ರಾ ಕೈಯಲ್ಲಿ.

ಈ ಕಡೆಯ ನಾಟಕ ನೋಡಿದವರಿಗೆ ಆಹೇರಿ ಗೊತ್ತು. ಮೆಚ್ಚಿದವರು ಆಟದ ನಡುವೆಯೇ ರಂಗಕ್ಕೆ ಹತ್ತಿ ನಟರ ಎದೆಗೆ ನೋಟು ಚುಚ್ಚುತ್ತಾರೆ, ಮೈಕಿನಲ್ಲಿ ಅವರ ಹೆಸರು ಮೊಳಗುತ್ತದೆ. ಸತ್ತ ಪಾತ್ರ ಎದ್ದು ಕೈಮುಗಿದು ಮತ್ತೆ ಮಲಗಿ ಸಾಯುತ್ತದೆ! ಪರದೆಯ ಹಿಂದೆ ನಿಂತವರಿಗೆ ಆಟ ಗೆದ್ದಿತೋ ಸೋತಿತೋ ತಿಳಿಯುವುದು ಆ ಹೆಸರುಗಳಿಂದ, ಶಿಳ್ಳೆಯಿಂದ.

ಅಂದು ಮಗಳು ಸಾಯುವಾಗ ಮೂಡಣ ಬೆಳ್ಳಗಾಗುತ್ತಿತ್ತು. ಶಿಳ್ಳೆ ಇಲ್ಲ, ಚಪ್ಪಾಳೆ ಇಲ್ಲ, ಮೈಕಿನಲ್ಲಿ ಒಬ್ಬರ ಹೆಸರೂ ಇಲ್ಲ. "ಮುಗೀತು ನನ್ನ ಕತಿ ಅನ್ಕೊಂಡ್ನಿರಿ. ಹಳೇ ಪರದೆ ಬಿಡಾಕ ಹಗ್ಗ ಬಿಚ್ಚಾಕ ಹೋಗಿದ್ನಿ."

ಆಗ ನಾಟಕ ಕಲಿಸಿದ ಮಾಸ್ತರ ಬಸಗೊಂಡಪ್ಪ ಓಡಿಬಂದು ಕೈ ಹಿಡಿದರು. "ಯವ್ವಾ, ಬಿಡಬ್ಯಾಡ! ಮೊದಲ ಇಣಿಕಿ ನೋಡು."

ಇಣುಕಿದರೆ ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ಕೂತಿದ್ದಾರೆ. ಆಹೇರಿ ಕೊಡಲು ಎದ್ದ ಹಿರಿಯರೊಬ್ಬರು ನೋಟು ಕೈಯಲ್ಲಿ ಹಿಡಿದೇ ನಿಂತುಬಿಟ್ಟಿದ್ದಾರೆ, ರಂಗಕ್ಕೆ ಹತ್ತುವ ಮನಸ್ಸಾಗದೆ. ಸತ್ತ ಮಗಳನ್ನು ಅಂದು ಯಾರೂ ಎಬ್ಬಿಸಲಿಲ್ಲ.

"ಅಲ್ಲೇ ಕುಸದ ಕುಂತ್ನಿರಿ. ಎದಿ ಮ್ಯಾಲಿನ ಭಾರ ಇಳದಂಗಾತು," ಎಂದು ಸಂಘಮಿತ್ರಾ ಈಗ ನಗುತ್ತಾರೆ. ಕೇಳುತ್ತಿದ್ದ ನನಗೂ ಉಸಿರು ಹಗುರಾಯಿತು.

ಸುಣ್ಣದ ಮಾತನ್ನು ಬಾಬುಸಾಬ ಮತ್ತೆ ಎತ್ತಿಲ್ಲ. ಈ ತಿಂಗಳು ಬಬಲೇಶ್ವರದವರು ಅದೇ ಪರದೆಯನ್ನು ಕೇಳಿ ತರಿಸಿಕೊಳ್ಳುತ್ತಿದ್ದಾರೆ. ಇನ್ನೇನು ಆಸೆ ಎಂದೆ. ಪರದೆಯ ಮೇಲೆ ಹೆಸರು ಬೇಕು ಎನ್ನಬಹುದೆಂದು ನಾನು ಕಾದಿದ್ದೆ.

"ಹೆಸರ ತಗೊಂಡು ಏನ್ ಮಾಡ್ಲಿರಿ? ಬಬಲೇಶ್ವರದಾಗ ಪರದೆ ಹಗ್ಗ ನೀವ ಹಿಡೀರಿ ಅಂತ ಬಾಬುಸಾಬರಿಗೆ ಹೇಳೇನಿ, ಹೂಂ ಅಂದಾರ. ನಾನೂ ಒಮ್ಮೆ ಮಂದಿ ನಡುವ ಕುಂತು ಅಳಬೇಕ್ರಿ. ಹಗ್ಗ ಕೈಯಾಗಿದ್ರ ಅಳಾಕ ಬರಾಂಗಿಲ್ಲ."